ಎಲೆಯ ಮೇಲಿನ ಗಂಜಿ

ಜೂನ್ 26, ಗುರುವಾರ

ಇಂಗ್ಲಿಷಿನಲ್ಲಿ ಬರೆದರೆ ನನ್ನ ಗಂಡ ಚೆನ್ನು ಓದಿಬಿಡುತ್ತಾನೆ. ಅದಕ್ಕೇ ಕನ್ನಡ! ಹತ್ತನೇ ಕ್ಲಾಸಿನ ಸೆಕೆಂಡ್ ಲ್ಯಾಂಗ್ವೇಜ್ ಮುಗಿದ ಮೇಲೆ ನಾನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ಗಂಡನ ಮನೆಯವರೆಲ್ಲ ಮನೆಯೊಳಗೆ ಕನ್ನಡವೇ ಮಾತಾಡುತ್ತಾರೆ, ಆದರೆ ಒಬ್ಬರಿಗೂ ಓದಲು ಬರುವುದಿಲ್ಲ. ನೋಟ್‌ಬುಕ್ಕನ್ನು ತೆರೆದಿಟ್ಟು ಸ್ನಾನಕ್ಕೆ ಹೋದರೂ ಭಯವಿಲ್ಲ. ಎಂಥ ಸುಖ!

ಮದುವೆಯಾಗಿ ಇಪ್ಪತ್ತಾರು ದಿನ. ಅಷ್ಟರಲ್ಲೇ ಗಡೀಪಾರು!

ತಪ್ಪು ಯಾರದೆಂದು ಬರೆದಿಡುತ್ತೇನೆ. ಆಷಾಢದಲ್ಲಿ ಹೊಸ ಸೊಸೆ ಗಂಡನ ಮನೆಯಲ್ಲಿ ಇರಬಾರದೆಂದು ನಮ್ಮಮ್ಮನ ಹಟ. ನಮ್ಮ ದೊಡ್ಡಬಳ್ಳಾಪುರದ ಪಂಚಾಂಗದಲ್ಲಿ ಆಷಾಢ ಇವತ್ತು ಶುರು. ಆಡಿ ತಿಂಗಳಲ್ಲಿ ಇರಬಾರದೆಂದು ಅತ್ತೆಯ ಹಟ. ಇಲ್ಲಿನ ತಮಿಳು ಕ್ಯಾಲೆಂಡರಿನಲ್ಲಿ ಆಡಿ ಮುಗಿಯುವುದು ಆಗಸ್ಟ್ ಹದಿನಾರಕ್ಕೆ. ಇಬ್ಬರೂ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿ, ಕೊನೆಗೆ ಎರಡನ್ನೂ ಪಾಲಿಸುವುದೆಂದು ತೀರ್ಮಾನಿಸಿದರು. ಒಟ್ಟು ಐವತ್ತೆರಡು ದಿನ! ಹೋಗಲಿ, ತವರಿಗಾದರೂ ಹೋಗೋಣವೆಂದರೆ ಅಪ್ಪ ಅಮ್ಮ ಅಕ್ಕನ ಬಾಣಂತನಕ್ಕೆ ಪುಣೆಯಲ್ಲಿದ್ದಾರೆ, ಮನೆಗೆ ಬೀಗ. ಹಾಗಾಗಿ ನನ್ನನ್ನು ಗಂಡನ ಊರು ಕರುಮತ್ತಂಪಟ್ಟಿಯಿಂದ ಆನೈಮಲೈಗೆ ತಂದು, ಅತ್ತೆಯ ಅಕ್ಕನ ತೋಟದ ಮನೆಯಲ್ಲಿ ಬಿಟ್ಟರು. ಹೆಸರು ಪೆರಿಯನಾಯಕಿ. ಚೆನ್ನುವಿಗೆ ದೊಡ್ಡಮ್ಮ, ಹಾಗಾಗಿ ನನಗೂ.

ಅವನು ಗೇಟಿನ ಹೊರಗೇ ನಿಂತು ಕೈ ಬೀಸಿದ. ನೀಲಿ ಚೆಕ್ಸ್ ಶರ್ಟ್. ನನ್ನ ಚೆನ್ನಕೇಶವ! ಗೇಟಿಗೆ ಹಣೆ ಒರಗಿಸಿಕೊಂಡು ಬೈಕಿನ ಸದ್ದು ಮುಗಿಯುವ ತನಕ ಕೇಳಿದೆ.

ದೊಡ್ಡಮ್ಮ ಒಬ್ಬರೇ. ದೊಡ್ಡಪ್ಪ ಹೋಗಿ ಎರಡು ವರ್ಷ. ಅಡಿಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಊಟ ಬೀದಿಯ ಕೊನೆಯ ಮೆಸ್ಸಿನಿಂದ ಕ್ಯಾರಿಯರಿನಲ್ಲಿ ಬಂತು.

ಇನ್ನು 52.

ಜೂನ್ 28, ಶನಿವಾರ

ಇಲ್ಲಿ ತೆಂಗಿನ ಮರಗಳು ಹಸಿರಲ್ಲ, ಕಪ್ಪು! ಮೂವತ್ತೊಂದು ಮರ, ಗಿಡ್ಡ ಜಾತಿ, ಗರಿಗಳು ಬಾಣಲೆಯ ತಳದ ಹಾಗೆ. ಬೆರಳಿಟ್ಟರೆ ಮಸಿ. ಗರಿಯ ಅಡಿಯಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ನೊಣ. ನೊಣದ ಅಂಟು ಕೆಳಗಿನ ಗರಿಯ ಮೇಲೆ ಬೀಳುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇಷ್ಟನ್ನು ಮರ ಹತ್ತುವ ಕರುಪ್ಪುಸಾಮಿ ತಮಿಳಿನಲ್ಲಿ ಹೇಳಿದ. ನನಗೆ ಅರ್ಧ ಅರ್ಥವಾಯಿತು, ಉಳಿದದ್ದು ಅವನ ಕೈಯಿಂದ.

ನಾನು ಬಯಾಲಜಿಯಲ್ಲಿ ತೊಂಬತ್ತೆಂಟು ತೆಗೆದವಳು! ದೊಡ್ಡಮ್ಮನಿಗೆ ಫೋಟೊಸಿಂಥೆಸಿಸ್ ಹೇಳಿಕೊಡೋಣವೆಂದು ಕನ್ನಡ ಪದ ಹುಡುಕಿದೆ. ದ್ಯುತಿಸಂಶ್ಲೇಷಣೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎಲೆ ಬಾಡಿಹೋಗುತ್ತದೆ. ಪದ ಬಿಟ್ಟು ಕಥೆ ಹೇಳಿದೆ. ಎಲೆಯೇ ಅಡಿಗೆಮನೆ. ಬೇರಿನಿಂದ ನೀರು ಬರುತ್ತದೆ, ಎಲೆಯ ಸಣ್ಣ ಸಣ್ಣ ಬಾಯಿಗಳಿಂದ ಗಾಳಿ. ಬಿಸಿಲೇ ಉರಿ. ಹಸಿರು ಬಣ್ಣ ಆ ಉರಿಯನ್ನು ಹಿಡಿದುಕೊಡುತ್ತದೆ. ಮೂರೂ ಸೇರಿದರೆ ಸಕ್ಕರೆ, ಸಕ್ಕರೆ ಹೆಚ್ಚಾದರೆ ಗಂಜಿ, ಅಂದರೆ ಸ್ಟಾರ್ಚ್.

ದೊಡ್ಡಮ್ಮ ಕಾಲು ಚಾಚಿ ಕೂತು ಕೇಳಿದರು. "ಮಿಕ್ಕ ಗಾಳಿ?"

"ಅದನ್ನೇ ನಾವು ಉಸಿರಾಡೋದು!"

"ಅದರ ಹೊಗೆಕೊಳವೆ ಗಾಳೀನ ನಾವು ಕುಡೀತೀವಿ ಅನ್ನು." ಆಮೇಲೆ, ಮುದ್ದಿಗೆ ತಮಿಳಿನ ಹಾಗೆ ನನ್ನನ್ನು "ಕಣ್ಣು" ಎಂದು ಕರೆದು, "ಪಾತ್ರೆಗೆ ಮಸಿ ಹಿಡಿದರೆ ಅಡಿಗೆ ಆಗುತ್ತೆ ಕಣ್ಣು. ಇದಕ್ಕೆ ಮಸಿ ಹಿಡಿದರೆ?"

"ಬಿಸಿಲು ಒಳಗೆ ಹೋಗಲ್ಲ. ಮರಕ್ಕೆ ಹಸಿವು."

ಅವರು ಎದ್ದು ಹೋದರು. ಅರ್ಥವಾಯಿತೋ ಇಲ್ಲವೋ. ಇನ್ನು 50.

ಜುಲೈ 2, ಬುಧವಾರ

ಚೆನ್ನು ಫೋನಿನಲ್ಲಿ ನಾಲ್ಕು ನಿಮಿಷ. ಹಿಂದೆ ಅವನ ಕೆಲಸದ ಶೆಡ್ಡಿನ ಮಗ್ಗಗಳ ಗಲಾಟೆ. ನಾನು "ಐ ಮಿಸ್ ಯೂ" ಅಂದದ್ದು ಮೂರು ಸಲವೂ ಕೇಳಿಸಲಿಲ್ಲ. ನಾಲ್ಕನೇ ಸಲ ಕೂಗಿದೆ. ದೊಡ್ಡಮ್ಮನಿಗೂ ಕೇಳಿಸಿತು, ಕರುಪ್ಪುಸಾಮಿಗೂ ಕೇಳಿಸಿತು.

ಮಧ್ಯಾಹ್ನವೆಂದರೆ ಇಷ್ಟು ಉದ್ದವೇ? ಇನ್ನು 46.

ಜುಲೈ 13, ಭಾನುವಾರ

ಹತ್ತು ದಿನ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಮೋಡ, ಗಾಳಿ, ಮೆಸ್ಸಿನ ಸಾಂಬಾರು. ಬೆಟ್ಟದ ಮೇಲೆ ಮಳೆ ಕಾಣುತ್ತದೆ, ಇಲ್ಲಿಗೆ ಹನಿ ಮಾತ್ರ.

ಇವತ್ತು ದೊಡ್ಡಪ್ಪನ ತಮ್ಮ ದೀನದಯಾಳನ್ ಬಂದರು. ನಾನು ಚಿಕ್ಕಪ್ಪ ಅನ್ನಬೇಕಂತೆ. ಅವರು ಅತ್ತಿಗೆಯನ್ನು ತಮಿಳಿನ ರೀತಿ "ಅಣ್ಣಿ" ಎನ್ನುತ್ತಾರೆ. ಮರಗಳ ಮಧ್ಯೆ ಒಂದು ಸುತ್ತು ಹಾಕಿ ಬಂದು ಚಪ್ಪಲಿಯ ಮಸಿಯನ್ನು ಮೆಟ್ಟಿಲಿಗೆ ಉಜ್ಜಿದರು.

"ಅಣ್ಣಿ, ಇದು ತೋಟ ಅಲ್ಲ, ಸುಡುಗಾಡು. ಆಡಿ ಮುಗಿದು ಆವಣಿ ಹುಟ್ಟಿದ ಕೂಡಲೇ ಗರಗಸದವನನ್ನು ಕರೆಸ್ತೀನಿ. ಎಲ್ಲಾ ತೆಗೆಸಿಬಿಡೋಣ. ನೀವು ನಮ್ಮ ಮನೆಗೆ ಬನ್ನಿ. ಹಿಂದಿನ ರೂಮಿಗೆ ಸುಣ್ಣ ಹೊಡೆಸಿದೀನಿ."

"ಈ ವಾರವೇ ಕಡಿಸಿಬಿಡು. ಯಾಕೆ ಕಾಯ್ತೀ?" ಅಂದರು ದೊಡ್ಡಮ್ಮ, ಸಿಟ್ಟಿಗೆ.

"ನಾಲ್ಕು ದಿನದಲ್ಲಿ ಆಡಿ. ಆಡೀಲಿ ಯಾರು ಕೆಲಸಕ್ಕೆ ಕೈ ಹಾಕ್ತಾರೆ?"

ಪತ್ರದಲ್ಲಿ ಅರ್ಧ ತೋಟ ಚಿಕ್ಕಪ್ಪನ ಹೆಸರಿಗಿದೆಯಂತೆ, ದೊಡ್ಡಮ್ಮ ಬೇಡವೆನ್ನುವ ಹಾಗಿಲ್ಲ. ಅವರು ಹೋದ ಮೇಲೆ ದೊಡ್ಡಮ್ಮ ಕ್ಯಾರಿಯರ್ ಬಿಚ್ಚಲೇ ಇಲ್ಲ.

ನನ್ನನ್ನು ಚೆನ್ನುವಿನಿಂದ ದೂರ ಇಟ್ಟಿರುವ ಅದೇ ಆಡಿ ಈ ಮರಗಳನ್ನು ಉಳಿಸಿಟ್ಟಿದೆ. ನಾನು ಆಡಿ ಬೇಗ ಮುಗಿಯಲಿ ಎಂದು ಬೇಡುತ್ತೇನೆ, ದೊಡ್ಡಮ್ಮ ಮುಗಿಯದಿರಲಿ ಎಂದು. ಒಂದೇ ಸೂರಿನಡಿ ದೇವರಿಗೆ ಎರಡು ಅರ್ಜಿ. ಪಾಪ, ದೇವರು! ಇನ್ನು 35.

ಜುಲೈ 18, ಶುಕ್ರವಾರ

ಕೆಲಸ ಸಿಕ್ಕಿದೆ!!

ಕರುಪ್ಪುಸಾಮಿ ಸುದ್ದಿ ತಂದ. ಮೈದಾ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ ಗರಿಯ ಮೇಲೆ ಸಿಂಪಡಿಸಬೇಕಂತೆ. ಬಿಸಿಲಿಗೆ ಅದು ಒಣಗಿ ಹಪ್ಪಳದ ಹಾಗೆ ಏಳುತ್ತದಂತೆ, ಏಳುವಾಗ ಕಪ್ಪನ್ನೂ ಕಿತ್ತುಕೊಂಡು ಹೋಗುತ್ತದಂತೆ. ಪಕ್ಕದ ತೋಟದವರು ಮಾಡಿದ್ದಾರೆ.

"ಗಂಜಿಯಾ?" ಅಂದರು ದೊಡ್ಡಮ್ಮ. ಅವರ ಮುಖ ಹಾಗೆ ತಿರುಗಿದ್ದನ್ನು ನಾನು ನೋಡಿರಲಿಲ್ಲ. "ನನಗೆ ಗಂಜಿ ಕಾಸೋಕೆ ಹೇಳಿಕೊಡ್ತಾನಾ ಇವನು?" ದೊಡ್ಡಪ್ಪ ಸೋಮನೂರಿನ ಸೈಜಿಂಗ್ ಮಿಲ್ಲಿನಲ್ಲಿ ಮೇಸ್ತ್ರಿ ಆಗಿದ್ದರು, ಹಾಸು ನೂಲಿಗೆ ಗಂಜಿ ಹಾಕುವ ಕಡೆ. ಅದಕ್ಕೂ ಮೊದಲು ಮನೆಯ ಕೈಮಗ್ಗಕ್ಕೆ ಗಂಜಿ ಕಾಯಿಸುತ್ತಿದ್ದದ್ದು ದೊಡ್ಡಮ್ಮನೇ.

ಆಡಿಯಲ್ಲಿ ಶುರು ಮಾಡಬಹುದೇ ಎಂದು ಕೇಳಿದೆ. "ಸ್ನಾನ ಮಾಡಿಸೋಕೆ ಏನು ಮುಹೂರ್ತ?"

ಎರಡು ವರ್ಷದಿಂದ ಉರಿಯದ ಒಲೆಗೆ ತೆಂಗಿನ ಮಟ್ಟೆ ತುಂಬಿದರು. ಮೊದಲ ಹಂಡೆ ಗಂಜಿ ನೂಲಿಗೆ ಆಗುವಷ್ಟು ಗಟ್ಟಿ, ಸ್ಪ್ರೇಯರಿನ ಮೂತಿ ಕಟ್ಟಿಕೊಂಡಿತು. ಕರುಪ್ಪುಸಾಮಿ, "ಅಮ್ಮಾ, ಇದು ಮರಕ್ಕಾ, ಪಂಚೆಗಾ?" ಅಂದ. ಅವನ ಮೇಲೆ ಸೌಟು ಎತ್ತಿದರು. ಎರಡನೆಯದು ಸರಿಯಾಯಿತು. ಸಂಜೆಯೊಳಗೆ ಮೂರು ಮರ. ನನ್ನ ಕೂದಲೆಲ್ಲ ಗಂಜಿ. ಒಲೆ ಹೇಗೂ ಉರಿಯುತ್ತಿದೆಯೆಂದು ದೊಡ್ಡಮ್ಮ ರಸಂ ಮಾಡಿದರು.

ಇನ್ನು 30.

ಜುಲೈ 25, ಶುಕ್ರವಾರ

ಇವತ್ತಿನಿಂದ ಶ್ರಾವಣ. ನನ್ನ ಆಷಾಢ ಮುಗಿಯಿತು. ಊರಿನಲ್ಲಾಗಿದ್ದರೆ ಇವತ್ತು ಚೆನ್ನು ಬಂದು ಕರೆದುಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಸುಮ್ಮನೆ ರೇಷ್ಮೆ ಸೀರೆ ಉಟ್ಟುಕೊಂಡೆ. ಯಾರಿಗೆ ತೋರಿಸಲಿ? ಸೆಲ್ಫಿ ಕಳಿಸಿದೆ. ಎರಡು ಗಂಟೆ ಬಿಟ್ಟು ಒಂದು ಹೃದಯ ಬಂತು. ಬರೀ ಒಂದು.

ಬಾಗಿಲಲ್ಲಿ ನಿಂತು ದೊಡ್ಡಮ್ಮ ನೋಡಿದರು. "ಯಾರ ಮದುವೆ?"

ನಾನು ಅತ್ತುಬಿಟ್ಟೆ. ಅವರು ಪಕ್ಕ ಕೂತು ನನ್ನ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿ, "ಹಾಸು ನೂಲಿಗೆ ಗಂಜಿ ಚೆನ್ನಾಗಿ ಕೊಟ್ಟಿದ್ದಾರೆ" ಅಂದರು. ಆಮೇಲೆ, "ನನಗೂ ಆಡಿ ಅಂದರೆ ಆಗ್ತಿರಲಿಲ್ಲ. ಮೊದಲನೇ ವರ್ಷ ಅವರು ಸೈಕಲ್ ತುಳಿದುಕೊಂಡು ಬಂದು ನಮ್ಮಮ್ಮನ ಮನೆ ಮುಂದೆ ಬೆಲ್ ಹೊಡೆದು ಹೋಗ್ತಿದ್ದರು. ಒಳಗೆ ಬರೋ ಹಾಗಿಲ್ಲವಲ್ಲ."

ಹನ್ನೊಂದು ಮರ ಆಯಿತು. ಮೊದಲ ಮೂರರಲ್ಲಿ ಹಪ್ಪಳ ಏಳುತ್ತಿದೆ, ಕೆಳಗೆ ನಿಜವಾದ ಹಸಿರು. ಇನ್ನು 23.

ಜುಲೈ 31, ಗುರುವಾರ

ನಾನು ಜೀನಿಯಸ್!

ತೊಳೆದ ಮರ ಅಡಿಗೆ ಮಾಡುತ್ತಿದೆಯೆಂದು ಚಿಕ್ಕಪ್ಪನಿಗೆ ತೋರಿಸುವುದು ಹೇಗೆ? ಸ್ಕೂಲಿನ ಪ್ರಯೋಗ ನೆನಪಾಯಿತು. ಎಲೆಯಲ್ಲಿ ಸ್ಟಾರ್ಚ್ ಇದ್ದರೆ ಅಯೋಡಿನ್ ನೀಲಿಗಪ್ಪಾಗುತ್ತದೆ. ಮೆಡಿಕಲ್ ಶಾಪಿನಿಂದ ಸಣ್ಣ ಬಾಟಲಿ ತಂದೆ. ಮೊದಲು ಎಲೆಯನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ ಹಸಿರು ತೆಗೆಯಬೇಕು. ಸ್ಪಿರಿಟ್ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಹಾಗೇ ಹನಿ ಬಿಟ್ಟೆ. ಕಪ್ಪು ಗರಿಯಲ್ಲಿ ಏನೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೂ ಬಣ್ಣವಿಲ್ಲ. ಗಂಜಿಯಿಂದ ತೊಳೆದ ಗರಿಯಲ್ಲಿ ನೀಲಿ! ಇಂಕು ಚೆಲ್ಲಿದಷ್ಟು ನೀಲಿ!

ದೊಡ್ಡಮ್ಮನನ್ನು ಅಪ್ಪಿಕೊಂಡು ಕುಣಿದೆ. ಅವರು ಗರಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಆಮಾ, ಹೌದು, ನೀಲಿ" ಅಂದರು. ಅಷ್ಟೇ.

ಆಗಸ್ಟ್ 3, ಭಾನುವಾರ

ಆಡಿ ಹದಿನೆಂಟು. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುವ ಹಬ್ಬ. ದೊಡ್ಡಮ್ಮ ನಾಲ್ಕು ಬಗೆಯ ಚಿತ್ರಾನ್ನ ಮಾಡಿದರು: ಹುಳಿ, ನಿಂಬೆ, ಕಾಯಿ, ಎಳ್ಳು. ಚಿಕ್ಕಪ್ಪನೂ ಬಂದರು. ಊಟವಾದ ಮೇಲೆ ಎರಡು ಗರಿ, ಬಾಟಲಿ ಇಟ್ಟುಕೊಂಡು ತೋರಿಸಿದೆ. ಇಂಗ್ಲಿಷ್, ಕನ್ನಡ, ಬಾರದ ತಮಿಳು, ಮೂರನ್ನೂ ಸುರಿದೆ.

ಅವರು ನೀಲಿಯನ್ನು ನೋಡಿದರು. ಅತ್ತಿಗೆಯನ್ನು ನೋಡಿದರು. ಮತ್ತೆ ನೀಲಿಯನ್ನು.

"ಓದಿದ ಹುಡುಗಿ ಹೇಳಿದ ಮೇಲೆ ಇನ್ನೇನು? ಗರಗಸದವನಿಗೆ ಬೇಡ ಅಂತೀನಿ. ಒಂದು ವರ್ಷ ನೋಡೋಣ."

ಗೆದ್ದೆ! ಗೆದ್ದೆ! ಚೆನ್ನುವಿಗೆ ಹೇಳಲು ಮರೆತೇಹೋಯಿತು. ನಾಳೆ ಹೇಳಬೇಕು.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಒಲೆ ಹಚ್ಚುತ್ತಾ ದೊಡ್ಡಮ್ಮ ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಕಣ್ಣು, ಅದು ನಮ್ಮ ಗಂಜಿ."

"ಯಾವುದು?"

"ನೀಲಿ. ಮರ ಕಾಸಿದ್ದಲ್ಲ, ನಾನು ಕಾಸಿದ್ದು. ಗರಿ ಮೇಲೆ ಮೈದಾ ಉಳಿದಿದೆ, ಅಯೋಡಿನ್ ಅದನ್ನ ಹಿಡಿಯಿತು. ಬಟ್ಟೇಲಿ ಗಂಜಿ ಉಳಿದಿದೆಯಾ ಅಂತ ಮಿಲ್ಲಿನಲ್ಲಿ ಇದೇ ಹನಿ ಬಿಟ್ಟು ನೋಡ್ತಿದ್ದರು. ನಿಮ್ಮ ದೊಡ್ಡಪ್ಪನ ಶರ್ಟು ಜೇಬೆಲ್ಲಾ ನೀಲಿ."

ತೊಂಬತ್ತೆಂಟು ಅಂಕ! ಗಂಜಿ ಬಳಿದ ಎಲೆಯಲ್ಲಿ ಗಂಜಿ ಹುಡುಕಿ ಕುಣಿದಿದ್ದೆ.

"ಗೊತ್ತಿದ್ದೂ ನಿನ್ನೆ ಯಾಕೆ ಹೇಳಲಿಲ್ಲ?"

ಮಟ್ಟೆಯನ್ನು ಒಳಗೆ ತಳ್ಳಿದರು. "ನಿನ್ನೆ ಹೇಳಬೇಕು ಅನ್ನಿಸಲಿಲ್ಲ."

ಆಗಸ್ಟ್ 7, ಗುರುವಾರ

ಪೊಳ್ಳಾಚಿಯಿಂದ ಸ್ಪಿರಿಟ್ ತರಿಸಿದೆ. ಗರಿಯನ್ನು ಏಳು ನೀರಿನಲ್ಲಿ ತೊಳೆದೆ, ಬೇಯಿಸಿದೆ, ಬಿಸಿನೀರಿನೊಳಗೆ ಲೋಟ ಇಟ್ಟು ಸ್ಪಿರಿಟ್ಟಿನಲ್ಲಿ ಹಸಿರು ಇಳಿಸಿದೆ. ಪುಸ್ತಕದಲ್ಲಿರುವಂತೆಯೇ. ಹನಿ ಬಿಟ್ಟೆ. ನೀಲಿ ಇಲ್ಲ. ಕಂದು, ಬರೀ ಕಂದು. ಮೂರು ಮರದ ಗರಿ, ಮೂರೂ ಕಂದು. ಹಾಗಾದರೆ ಮರ ಅಡಿಗೆ ಮಾಡುತ್ತಿಲ್ಲವೇ?

ಕರುಪ್ಪುಸಾಮಿ ಏಣಿಯ ಮೇಲಿಂದಲೇ ಇಣುಕಿದ. ಮೊದಲು ಅವನು ತೆಂಗಿನ ಹೊಂಬಾಳೆಯಿಂದ ಸಿಹಿ ರಸ, ನೀರಾ, ಇಳಿಸುತ್ತಿದ್ದವನು.

"ಎಲೇಲಿ ಏನು ಹುಡುಕ್ತೀರಿ ಅಮ್ಮಿಣಿ? ತೆಂಗು ಎಲೇಲಿ ಕೂಡಿಡೋ ಜಾತಿ ಅಲ್ಲ. ಮಾಡಿದ್ದನ್ನ ಆಗಿಂದಾಗಲೇ ಸಕ್ಕರೆಯಾಗಿ ಕೆಳಕ್ಕೆ ಕಳಿಸಿಬಿಡುತ್ತೆ. ಹೊಂಬಾಳೆ ಕೊಯ್ದರೆ ಸುರಿಯೋದು ಏನಂತೀರಿ?"

ಫೋನಿನಲ್ಲಿ ಹುಡುಕಿದೆ. ಅವನು ಹೇಳಿದ್ದು ಹೆಚ್ಚುಕಡಿಮೆ ಸರಿ. ಎಲ್ಲ ಗಿಡವೂ ಎಲೆಯಲ್ಲಿ ಸ್ಟಾರ್ಚ್ ಇಟ್ಟುಕೊಳ್ಳುವುದಿಲ್ಲ. ಅಂದರೆ ಆವತ್ತಿನ ನೀಲಿಯೂ ಏನನ್ನೂ ಹೇಳಲಿಲ್ಲ, ಇವತ್ತಿನ ಕಂದೂ ಏನನ್ನೂ ಹೇಳುತ್ತಿಲ್ಲ. ಮರ ಹೊಸ ಹೊಂಬಾಳೆ ಬಿಡುವ ತನಕ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ತಿಂಗಳುಗಳು ಬೇಕು.

ಚಿಕ್ಕಪ್ಪನಿಗೆ ಸುಳ್ಳು ತೋರಿಸಿ ಮಾತು ತೆಗೆದುಕೊಂಡಿದ್ದೇನೆ. ಊಟ ಸೇರಲಿಲ್ಲ. ದೊಡ್ಡಮ್ಮ ಮೊಸರನ್ನ ಕಲಸಿ ತಂದು ಮುಂದೆ ಕೂತರು.

ಆಗಸ್ಟ್ 9, ಶನಿವಾರ

ಚಿಕ್ಕಪ್ಪನಿಗೆ ಫೋನ್ ಮಾಡಿ ನಿಜ ಹೇಳಿಬಿಟ್ಟೆ. ದೊಡ್ಡಮ್ಮ ಬೇಡ ಅನ್ನಲಿಲ್ಲ. ಅಂಗಳಕ್ಕೆ ಹೋಗಿ ನಿಂತರು.

ಚಿಕ್ಕಪ್ಪ ನಕ್ಕರು! "ಅಣ್ಣನ ಕೈಕೆಳಗೆ ಹತ್ತು ವರ್ಷ ಅದೇ ಬಾಟಲಿ ಹಿಡಿದವನಮ್ಮಾ ನಾನು. ಮೈದಾ ನೀಲಿ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಒಪ್ಪಿದಿರಿ?"

"ಮರ ಇದ್ದರೇನು, ಬಿದ್ದರೇನು? ಅಲ್ಲಿ ಅಣ್ಣಿ ಒಬ್ಬರೇ. ಹೋದ ವರ್ಷ ಜ್ವರ ಬಂದು ಮೂರು ದಿನ ಮಲಗಿದ್ದರು, ಮೆಸ್ಸಿನವನು ಹೇಳಿದ ಮೇಲೆ ನನಗೆ ತಿಳಿಯಿತು. ಮರ ಇರೋ ತನಕ ಅವರು ಆ ಮನೆ ಬಿಡಲ್ಲ. ಅದಕ್ಕೇ ಕಡಿಸೋಣ ಅಂದೆ. ಈಗ ನೀನಿದ್ದೀ, ಅದಕ್ಕೇ ಸರಿ ಅಂದೆ. ನೀನು ಹೋದ ಮೇಲೆ?"

ಕೊನೆಗೆ ಅವರೇ ಒಂದು ಕರಾರು ಹಾಕಿದರು. ನಾನು ಹೊರಟ ಮೇಲೆ ದಿನವೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದೊಡ್ಡಮ್ಮನಿಗೆ ಫೋನ್ ಮಾಡಬೇಕು. ಅವರು ಎತ್ತಿದರೆಂದು ಚಿಕ್ಕಪ್ಪನಿಗೆ ಹೇಳಬೇಕು. ಒಂದು ದಿನ ಎತ್ತದಿದ್ದರೂ ಮಾರನೆಯ ದಿನವೇ ಗರಗಸ.

ಅಂಗಳಕ್ಕೆ ಹೋಗಿ ಹೇಳಿದೆ. ದೊಡ್ಡಮ್ಮ, "ನಾನೇನು ಮಿಲ್ಲಿಗೆ ಹೋಗ್ತೀನಾ, ದಿನಾ ಹಾಜರಿ ಹಾಕೋಕೆ?" ಅಂದರು. ಆದರೆ ಫೋನನ್ನು ಚಾರ್ಜಿಗೆ ಹಾಕಿದರು.

ಚೆನ್ನು ಕರೆ ಮಾಡಿ, "ಇನ್ನು ಎಂಟೇ ದಿನ!" ಅಂದ. ಹೌದಾ ಅಂದೆ. ಇನ್ನೂ ಒಂಬತ್ತು ಮರ ಉಳಿದಿವೆ.

ಆಗಸ್ಟ್ 17, ಭಾನುವಾರ

ಆವಣಿ ಒಂದು. ಚೆನ್ನು ಹತ್ತು ಗಂಟೆಗೇ ಬಂದ, ಮಲ್ಲಿಗೆ ತಂದಿದ್ದ. ನಾನು ಮೂವತ್ತನೆಯ ಮರದ ಏಣಿಯ ಮೇಲಿದ್ದೆ. ಐದು ನಿಮಿಷ ಅಂದೆ. ಇಳಿದಾಗ ಒಂದು ಗಂಟೆ, ಮಲ್ಲಿಗೆ ದೊಡ್ಡಮ್ಮನ ತಲೆಯಲ್ಲಿತ್ತು. ಅವರೇ ಕೇಳಿ ಮುಡಿದರಂತೆ, ಬಾಡಿಹೋಗುತ್ತದೆ ಎಂದು.

ಹೊರಡುವಾಗ ನಮಸ್ಕಾರಕ್ಕೆ ಬಗ್ಗಿದೆ. "ಹೋಗು, ಹೋಗು, ಬಸ್ಸಿಗೆ ಹೊತ್ತಾಯ್ತು" ಅಂದರು. ನಾವು ಹೊರಟದ್ದು ಬೈಕಿನಲ್ಲಿ.

ಆಗಸ್ಟ್ 29, ಶುಕ್ರವಾರ, ಆನೈಮಲೈ

ಕರುಮತ್ತಂಪಟ್ಟಿಯಲ್ಲಿ ಎಲ್ಲ ಚೆನ್ನಾಗಿದೆ. ಅತ್ತೆ ಒಳ್ಳೆಯವರು. ಚೆನ್ನು ಶಿಫ್ಟ್ ಮುಗಿಸಿ ಬಂದು ಉಂಡು ಮಲಗುತ್ತಾನೆ. ಕಿಟಕಿಯಿಂದ ಎದುರು ಶೆಡ್ಡಿನ ಸಿಮೆಂಟ್ ಶೀಟು ಕಾಣುತ್ತದೆ. ಹಗಲೆಲ್ಲ ಮಗ್ಗದ ಸದ್ದಿನಲ್ಲಿ ಯಾರೊಡನೆಯೂ ಮಾತು ಸಾಗುವುದಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡಮ್ಮ ಫೋನ್ ಎತ್ತಲಿಲ್ಲ. ಏಳಕ್ಕೆ, ಏಳೂವರೆಗೆ, ಎಂಟಕ್ಕೆ. ಎಂಟೂಕಾಲಿಗೆ ಸ್ವಿಚ್ ಆಫ್. ಕರುಪ್ಪುಸಾಮಿಯ ಫೋನೂ ಹೋಗಲಿಲ್ಲ. ಚಿಕ್ಕಪ್ಪನ ಕರೆ ಬಂದಾಗ ನಾನು ಎತ್ತಲಿಲ್ಲ. ಅತ್ತೆಗೆ ಹೇಳಿ ಬಸ್ಸು ಹತ್ತಿದೆ. ಕೊಯಮತ್ತೂರು, ಉಕ್ಕಡಂ, ಪೊಳ್ಳಾಚಿ. ಪೊಳ್ಳಾಚಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೆಂಗು, ಕೆಲವು ಕಪ್ಪು, ಕೆಲವು ಹಸಿರು. ಒಂದನ್ನೂ ಎಣಿಸಲಾಗಲಿಲ್ಲ.

ಗೇಟು ತೆರೆದಿತ್ತು. ಮನೆಯಲ್ಲಿ ಯಾರೂ ಇಲ್ಲ. ಹಿತ್ತಲಿಗೆ ಓಡಿದೆ. ದೊಡ್ಡಮ್ಮ ಕೊನೆಯ ಸಾಲಿನ ಮರದ ಬುಡದಲ್ಲಿ ನೆಲಕ್ಕೆ ಕೂತಿದ್ದರು. ಕಾಲು ಚಾಚಿತ್ತು, ಎಡ ಪಾದ ಊದಿ ಕುಂಬಳಕಾಯಿಯಾಗಿತ್ತು. ಪಕ್ಕದಲ್ಲಿ ಏಣಿ ಬಿದ್ದಿತ್ತು, ಗಂಜಿಯ ಕೊಡ ಉರುಳಿತ್ತು. ಬೆಳಿಗ್ಗೆ ಆರರಿಂದ ಅಲ್ಲೇ ಇದ್ದರಂತೆ. ಫೋನು ಒಳಗೆ.

"ಎರಡು ಗರಿ ಬಾಕಿ ಇತ್ತು ಕಣ್ಣು" ಅಂದರು. ಆಮೇಲೆ ನನ್ನ ಮುಖ ನೋಡಿ, "ಬಸ್ಸಲ್ಲಿ ಏನಾದರೂ ತಿಂದೆಯಾ?"

ಆಟೋ ಕರೆಸಿ ಆಸ್ಪತ್ರೆಗೆ ಹೋದೆವು. ಮೂಳೆ ಮುರಿದಿಲ್ಲ, ಉಳುಕು. ಮೂರು ವಾರ ಕಾಲು ಊರಬಾರದು. ಪಟ್ಟಿ ಕಟ್ಟಿಸಿಕೊಳ್ಳುವಾಗ ಅವರು ನನ್ನ ಕೈ ಹಿಡಿದಿದ್ದರು, ಕಟ್ಟಿದ ಮೇಲೂ ಬಿಡಲಿಲ್ಲ. ಚೆನ್ನುವಿಗೆ ಮೆಸೇಜ್ ಹಾಕಿದೆ: ಮೂರು ವಾರ ಇಲ್ಲೇ ಇರುತ್ತೇನೆ, ಭಾನುವಾರ ಬಾ, ನನ್ನ ಬಟ್ಟೆ ತಾ.

ಆಗ ಚಿಕ್ಕಪ್ಪನ ಕರೆ ಮತ್ತೆ ಬಂತು. ದೊಡ್ಡಮ್ಮ ಗೋಡೆಯ ಕಡೆ ತಿರುಗಿದರು.

"ಏನಮ್ಮಾ, ಬೆಳಿಗ್ಗೆಯಿಂದ ಸುದ್ದಿ ಇಲ್ಲ. ಅಣ್ಣಿ ಎತ್ತಿದರಾ?"

"ಎತ್ತಿದರು ಚಿಕ್ಕಪ್ಪ" ಅಂದೆ. "ಮೊದಲನೇ ರಿಂಗಿಗೇ."